ಪಾಪದ ಅರಿಕೆಯಲ್ಲಿ ನಾವು ಹೇಳದೆ ಬಿಡುವುದು

(ಯೌವನಸ್ಥರ ಕೂಟವೊಂದರಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಪೂಜ್ಯ ಸಭಾಪಾಲಕರೇ, ಸಭೆಯ ಹಿರಿಯರೇ, ಯೌವನಸ್ಥರ ಸಂಘದ ಅಣ್ಣಂದಿರೇ, ಅಕ್ಕಂದಿರೇ, ತಮ್ಮ ತಂಗಿಯರೇ,

ಪ್ರತಿ ಭಾನುವಾರದ ಆರಾಧನೆಯಲ್ಲಿ ನಾವೆಲ್ಲರೂ ಕೂಡಿ ಪಾಪದ ಅರಿಕೆ ಮಾಡುತ್ತೇವೆ. ಆಲೋಚನೆಯಿಂದಲೂ ಮಾತಿನಿಂದಲೂ ಕ್ರಿಯೆಯಿಂದಲೂ ದೇವರಿಗೆ ವಿರೋಧವಾಗಿ ನಡೆದಿದ್ದೇವೆ ಎಂದು ಒಂದೇ ದನಿಯಲ್ಲಿ ಹೇಳುತ್ತೇವೆ. ಅದಾದ ಮೇಲೆ ಬರುವ ಸ್ವಲ್ಪ ಹೊತ್ತಿನ ಮೌನದಲ್ಲಿ ಒಬ್ಬೊಬ್ಬರಿಗೂ ಏನೇನು ನೆನಪಾಗುತ್ತದೆ ಎಂಬುದನ್ನು ನಾನು ಊಹಿಸಬಲ್ಲೆ, ಏಕೆಂದರೆ ನನಗೂ ಅವೇ ನೆನಪಾಗುತ್ತವೆ: ಹೇಳಿದ ಸುಳ್ಳು, ಅಪ್ಪ ಅಮ್ಮನ ಮೇಲೆ ತೋರಿದ ಸಿಟ್ಟು, ನೋಡಬಾರದ್ದನ್ನು ನೋಡಿದ್ದು, ಪ್ರಾರ್ಥನೆಯಲ್ಲಿ ತೋರಿದ ಆಲಸ್ಯ. ಇವು ಪಾಪಗಳೇ, ಇವುಗಳ ಅರಿಕೆ ಅಗತ್ಯವೇ. ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ನಾವು ಕುಳಿತಿರುವ ಈ ದೇವಾಲಯವನ್ನು ಗುಡಿಸಿದವರಿಗೆ ತಿಂಗಳಿಗೆ ಎಷ್ಟು ಕೂಲಿ ಸಿಗುತ್ತದೆ ಎಂಬುದಾಗಲಿ, ಅಕ್ಕನ ಮದುವೆಯ ಮಾತುಕತೆಯಲ್ಲಿ ಹುಡುಗನ ಕಡೆಯವರ ಮೂಲ ಜಾತಿಯನ್ನು ಮೆಲ್ಲಗೆ ವಿಚಾರಿಸಿದ್ದಾಗಲಿ ಆ ಮೌನದಲ್ಲಿ ನೆನಪಿಗೆ ಬರುವುದೇ ಇಲ್ಲ. ಏಕೆ ಬರುವುದಿಲ್ಲ ಎಂಬುದೇ ಇಂದಿನ ನನ್ನ ವಿಷಯ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪಾಪದ ಕುರಿತಾದ ಬೋಧನೆಯನ್ನು ನಮ್ಮ ಕ್ರೈಸ್ತ ಸಭೆಗಳು ಒಬ್ಬೊಬ್ಬ ಮನುಷ್ಯನ ಅಂತರಂಗಕ್ಕೂ ಅವನ ದುಶ್ಚಟಗಳಿಗೂ ಸೀಮಿತಗೊಳಿಸಿವೆ. ಸತ್ಯವೇದವು, ಅಂದರೆ ಬೈಬಲ್, ಹಾಗೆ ಸೀಮಿತಗೊಳಿಸಿಲ್ಲ. ಊಟದ ಪಂಕ್ತಿಯಲ್ಲಿ, ಕೂಲಿಯ ಲೆಕ್ಕದಲ್ಲಿ, ಭೂಮಿಯ ಪತ್ರದಲ್ಲಿ, ಸಭೆಯೊಳಗಿನ ಆಸನದ ವ್ಯವಸ್ಥೆಯಲ್ಲಿ ನೆಲೆಯೂರಿರುವ ಪಾಪವನ್ನೂ ಅದು ಪಾಪವೆಂದೇ ಕರೆಯುತ್ತದೆ ಮತ್ತು ಅದರಿಂದ ತಿರುಗಿಕೊಳ್ಳಬೇಕೆಂದು ನಮ್ಮನ್ನು ಕೇಳುತ್ತದೆ.

ಈ ಪ್ರಶ್ನೆಯನ್ನು ಬಹಳ ಹಿಂದೆಯೇ, ಸಭೆಯ ಹೊರಗಿನಿಂದ, ಅತ್ಯಂತ ತೀಕ್ಷ್ಣವಾಗಿ ಎತ್ತಿದವರು ಡಾ. ಬಿ. ಆರ್. ಅಂಬೇಡ್ಕರ್. ತಾವು ಹಿಂದೂವಾಗಿ ಹುಟ್ಟಿದ್ದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ ಘೋಷಿಸಿದಾಗ ಅನೇಕ ಕ್ರೈಸ್ತ ಮುಖಂಡರು ಆಸೆಯಿಂದ ಅವರತ್ತ ನೋಡಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧ ಧಮ್ಮವನ್ನು ಸ್ವೀಕರಿಸಿದರು. ಅವರು ನಮ್ಮನ್ನು ಅರಿಯದೆ ಬಿಟ್ಟವರಲ್ಲ, ಹತ್ತಿರದಿಂದ ನೋಡಿ ಬಿಟ್ಟವರು. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯನ್ನು ಕುರಿತು ಅವರು ಬರೆದದ್ದು ಅವರ ಕಾಲಾನಂತರ ಸಮಗ್ರ ಬರಹಗಳಲ್ಲಿ ಅಚ್ಚಾಗಿದೆ. ಅಲ್ಲಿ ಅವರು ಮಿಷನರಿಗಳ ಶಾಲೆ ಮತ್ತು ಆಸ್ಪತ್ರೆಗಳ ಸೇವೆಯನ್ನು ಅಲ್ಲಗಳೆಯುವುದಿಲ್ಲ. ಅವರ ಪ್ರಶ್ನೆ ಬೇರೆ: ಮತಾಂತರಗೊಂಡ ಅಸ್ಪೃಶ್ಯನಲ್ಲಿ ತನ್ನ ಸ್ಥಿತಿಯನ್ನು ಬದಲಿಸಿಕೊಳ್ಳುವ ಕೆಚ್ಚನ್ನು ಕ್ರೈಸ್ತ ಬೋಧನೆ ಏಕೆ ಹುಟ್ಟಿಸಲಿಲ್ಲ? ಒಂದು ಕಾರಣವಾಗಿ ಅವರು ಬೊಟ್ಟು ಮಾಡುವುದು ನಮ್ಮ ಪಾಪದ ಬೋಧನೆಯನ್ನೇ. ಹಿಂದೂವಾಗಿದ್ದಾಗ ತನ್ನ ಪತನಕ್ಕೆ ಕರ್ಮವೇ ಕಾರಣವೆಂದು ಅವನಿಗೆ ಹೇಳಲಾಗುತ್ತಿತ್ತು, ಕ್ರೈಸ್ತನಾದ ಮೇಲೆ ಪೂರ್ವಜನ ಪಾಪವೇ ಕಾರಣವೆಂದು ಹೇಳಲಾಗುತ್ತದೆ, ಎರಡರಲ್ಲಿಯೂ ಅವನಿಗೆ ಬಿಡುಗಡೆಯಿಲ್ಲ, ಏಕೆಂದರೆ ಅವನನ್ನು ಕೆಳಗೆ ತಳ್ಳಿದ ಸಮಾಜದ ಕಡೆಗೆ ಎರಡೂ ಬೆರಳು ತೋರಿಸುವುದಿಲ್ಲ ಎಂಬುದು ಅವರ ಮಾತಿನ ಸಾರಾಂಶ.

ಈ ಮಾತನ್ನು ಓದಿದ ಕ್ರೈಸ್ತರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಅಂಬೇಡ್ಕರರಿಗೆ ಕೃಪೆಯ ಬೋಧನೆ ಅರ್ಥವಾಗಲಿಲ್ಲ ಎಂದು ಹೇಳಿ ಪುಟ ಮಗುಚುವವರು ಕೆಲವರು. ಹಾಗಾದರೆ ಪಾಪದ ಮಾತನ್ನೇ ಬಿಟ್ಟು ಬರಿಯ ಸಮಾಜಸೇವೆ ಮಾಡೋಣ ಎನ್ನುವವರು ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ. ನಾವು ಬೋಧಿಸಿದ್ದನ್ನು ಅವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು. ತುಳಿಸಿಕೊಂಡವನ ಎದುರು ನಿಂತು ‘ನೀನು ಪಾಪಿ’ ಎಂದು ಗಟ್ಟಿಯಾಗಿ ಹೇಳಿ, ತುಳಿದವನ ಎದುರಿಗೆ ಅದೇ ಮಾತನ್ನು ಮೆಲ್ಲಗೆ ಹೇಳಿದ ಸಭೆಯ ಬೋಧನೆ ಬೇರೆ ಹೇಗೂ ಕೇಳಿಸಲಾರದು. ಆದರೆ ಅದಕ್ಕೆ ಉತ್ತರ ಪಾಪದ ಬೋಧನೆಯನ್ನು ಕೈಬಿಡುವುದರಲ್ಲಿ ಇಲ್ಲ. ಅದನ್ನು ಅದರ ಪೂರ್ಣ ಅಳತೆಯಲ್ಲಿ ಬೋಧಿಸುವುದರಲ್ಲಿ ಇದೆ.

ನಮ್ಮ ಕನ್ನಡ ನಾಡಿನ ಸಭೆಯ ಚರಿತ್ರೆಯನ್ನೇ ನೋಡೋಣ. 1834ರಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ನಂತರ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದನ್ನೂ, 1894ರಲ್ಲಿ ಕಿಟ್ಟೆಲರ ನಿಘಂಟು ಪ್ರಕಟವಾದದ್ದನ್ನೂ ನಾವು ಪ್ರತಿ ವಾರ್ಷಿಕೋತ್ಸವದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ನ್ಯಾಯವಾದ ಹೆಮ್ಮೆಯೇ. ಆದರೆ ಆ ಚರಿತ್ರೆಯಲ್ಲಿ ನಾವು ಕಡಿಮೆ ನೆನೆಯುವ ಒಂದು ಸಂಗತಿಯಿದೆ. ದಕ್ಷಿಣ ಕನ್ನಡದಲ್ಲಿ ಆ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ ಮಂದಿ. ತಾಳೆಮರ, ತೆಂಗಿನಮರ ಹತ್ತಿ ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಕುಲಕಸುಬಾಗಿತ್ತು. ಕುಡಿತವನ್ನು ಪಾಪವೆಂದು ಕಂಡ ಮಿಷನರಿಗಳು, ಸಭೆಗೆ ಸೇರಿದವರು ಆ ಕಸುಬನ್ನು ಬಿಡಬೇಕೆಂದರು. ಕಸುಬು ಬಿಟ್ಟವರಿಗೆ ಅನ್ನ ಎಲ್ಲಿಂದ ಬರಬೇಕು? ಮತಾಂತರವಾದ ಕಾರಣಕ್ಕೆ ಗೇಣಿಯ ಭೂಮಿಯನ್ನೂ ಮನೆಯವರ ಆಸರೆಯನ್ನೂ ಕಳೆದುಕೊಂಡವರಿದ್ದರು. ಆ ಇಕ್ಕಟ್ಟಿನಿಂದಲೇ ನೇಯ್ಗೆಯ ಶಾಲೆಗಳು, ಮುದ್ರಣಾಲಯ, ಕೊನೆಗೆ 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ ಬೆಳೆದವು. ಮಂಗಳೂರು ಹಂಚು ದೇಶವಿದೇಶಗಳಿಗೆ ಹೋದ ಕಥೆಯ ಹಿಂದೆ ಪಾಪ ಮತ್ತು ಹೊಟ್ಟೆಪಾಡಿನ ಈ ಪ್ರಶ್ನೆಯೂ ಇದೆ.

ಇದರಲ್ಲಿ ಅಡಗಿರುವ ತಿಳಿವಳಿಕೆಯನ್ನು ಗಮನಿಸಿ. ಒಬ್ಬ ಮನುಷ್ಯನಿಗೆ ಪಾಪವನ್ನು ಬಿಡು ಎಂದು ಹೇಳುವವರು, ಅದನ್ನು ಬಿಟ್ಟು ಬದುಕುವುದಕ್ಕೆ ಬೇಕಾದ ನೆಲೆಯನ್ನೂ ಅವನಿಗೆ ಒದಗಿಸಬೇಕು ಎಂಬುದು ಆ ಮಿಷನರಿಗಳಿಗೆ ಅನುಭವದಿಂದ ಗೊತ್ತಾಯಿತು. ಪಶ್ಚಾತ್ತಾಪಕ್ಕೆ ಒಂದು ಕಾರ್ಖಾನೆ ಬೇಕಾಯಿತು. ಪಾಪವು ಮನಸ್ಸಿನಲ್ಲಿ ಮಾತ್ರವಲ್ಲದೆ ದುಡಿಮೆಯ ವ್ಯವಸ್ಥೆಯಲ್ಲಿಯೂ ಹೆಣೆದುಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ನಾಡಿನ ಸಭಾ ಚರಿತ್ರೆಯಲ್ಲಿ ನನಗೆ ಕಾಣುವುದಿಲ್ಲ. ಕೊಡಗಿನಲ್ಲಿ ಮೋಗ್ಲಿಂಗರೂ, ಬ್ರಾಹ್ಮಣ ಕುಲದಿಂದ ಕ್ರೈಸ್ತರಾಗಿ ಬಂದ ಆನಂದರಾವ್ ಕೌಂಡಿನ್ಯರೂ ಆನಂದಪುರದಲ್ಲಿ ಹೊಲೆಯ ಸಮುದಾಯದವರಿಗಾಗಿ ನೆಲೆಯೊಂದನ್ನು ಕಟ್ಟಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇತ್ತು. ದುಃಖದ ವಿಷಯವೆಂದರೆ, ಅವರು ಬಿಟ್ಟುಹೋದ ಪಾಪಗಳ ಪಟ್ಟಿಯನ್ನು ನಾವು ಜೋಪಾನವಾಗಿ ಉಳಿಸಿಕೊಂಡೆವು, ಈ ತಿಳಿವಳಿಕೆಯನ್ನು ಉಳಿಸಿಕೊಳ್ಳಲಿಲ್ಲ. ಇಂದಿಗೂ ನಮ್ಮ ಉಜ್ಜೀವನ ಕೂಟಗಳಲ್ಲಿ ಕುಡಿತ, ಸಿನಿಮಾ, ಉಡುಪಿನ ಬಗ್ಗೆ ಕೇಳುವಷ್ಟು ಕೂಲಿಯ ಬಗ್ಗೆ ಕೇಳುವುದಿಲ್ಲ. ಕೊಯಿಲು ಮಾಡಿದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯು ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಎಂದು ಯಾಕೋಬನು ಐದನೆಯ ಅಧ್ಯಾಯದಲ್ಲಿ ಬರೆದದ್ದು ನಮ್ಮ ಪುಸ್ತಕದಲ್ಲಿಯೇ ಇದೆ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಒಂದು ಜಗಳದ ವರದಿಯಿದೆ. ಅಲ್ಲಿನ ಸಭೆಯಲ್ಲಿ ಯೆಹೂದ್ಯರೂ, ಯೆಹೂದ್ಯರಲ್ಲದ ಅನ್ಯಜನರೂ ಇದ್ದರು, ಒಟ್ಟಿಗೆ ಊಟ ಮಾಡುತ್ತಿದ್ದರು. ಪೇತ್ರನೂ ಅವರೊಂದಿಗೆ ಕುಳಿತು ಉಣ್ಣುತ್ತಿದ್ದನು. ಯೆರೂಸಲೇಮಿನಿಂದ ಅಲ್ಲಿನ ಸಭೆಯ ಮುಖಂಡನಾದ ಯಾಕೋಬನ ಕಡೆಯ ಕೆಲವರು ಬಂದಾಗ ಅವನು ಅವರಿಗೆ ಅಂಜಿ ಮೆಲ್ಲಗೆ ಆ ಊಟದಿಂದ ಹಿಂದೆ ಸರಿದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಕೊನೆಗೆ ಬಾರ್ನಬನೂ ಸರಿದನು. ಪೇತ್ರನು ಯಾರನ್ನೂ ಬೈಯಲಿಲ್ಲ, ಯಾವ ತಪ್ಪು ಬೋಧನೆಯನ್ನೂ ಮಾಡಲಿಲ್ಲ, ಯಾರನ್ನೂ ಸಭೆಯಿಂದ ಹೊರಹಾಕಲಿಲ್ಲ. ಎದ್ದು ಬೇರೆ ಕಡೆ ಕುಳಿತನು, ಅಷ್ಟೇ. ದೇವರು ಮನುಷ್ಯರಲ್ಲಿ ಭೇದ ಮಾಡುವುದಿಲ್ಲ ಎಂದು ಅನ್ಯಜನನಾದ ಕೊರ್ನೇಲ್ಯನ ಮನೆಯಲ್ಲಿ ತಾನೇ ಸಾರಿದ್ದವನು ಅವನು. ಅವನ ಅಂತರಂಗದ ನಂಬಿಕೆ ಬದಲಾಗಿರಲಿಲ್ಲ, ಬದಲಾದದ್ದು ಊಟಕ್ಕೆ ಕುಳಿತ ಜಾಗ ಮಾತ್ರ.

ಪಂಕ್ತಿಭೇದ ಎಂದರೆ ಏನೆಂದು ಈ ನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಬೇರೆ ದೇಶಗಳ ಓದುಗರು ಈ ಭಾಗವನ್ನು ಇಬ್ಬರು ಅಪೊಸ್ತಲರ ನಡುವಿನ ಮನಸ್ತಾಪವೆಂದು ಓದಿ ಮುಂದೆ ಹೋಗಬಹುದು. ನಮಗೆ ಹಾಗೆ ಓದುವ ಅನುಕೂಲವಿಲ್ಲ. ಪೌಲನು ಅದನ್ನು ಸಣ್ಣ ವಿಷಯವೆಂದು ಬಿಡಲಿಲ್ಲ, ಖಾಸಗಿಯಾಗಿ ಕರೆದು ಬುದ್ಧಿ ಹೇಳಲೂ ಇಲ್ಲ. ಎಲ್ಲರ ಎದುರಿಗೆ ಮುಖಾಮುಖಿಯಾಗಿ ಎದುರಿಸಿ, ಇವರು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದನು. ಮನುಷ್ಯನು ನೇಮನಿಷ್ಠೆಗಳಿಂದಲ್ಲ, ಯೇಸು ಕ್ರಿಸ್ತನಲ್ಲಿಡುವ ನಂಬಿಕೆಯಿಂದಲೇ ನೀತಿವಂತನೆಂದು ನಿರ್ಣಯ ಹೊಂದುತ್ತಾನೆ ಎಂಬ ಪ್ರಸಿದ್ಧ ವಾಕ್ಯ ಅದೇ ಅಧ್ಯಾಯದಲ್ಲಿ, ಆ ಜಗಳದ ವರದಿಯ ಬೆನ್ನಿಗೇ ಬರುತ್ತದೆ. ಪ್ರೊಟೆಸ್ಟಂಟ್ ಸಭೆಗಳು ತಮ್ಮ ಪ್ರಾಣವೆಂದು ಹೇಳಿಕೊಳ್ಳುವ ಬೋಧನೆಯು ಆ ಪತ್ರಿಕೆಯಲ್ಲಿ ಊಟದ ಪಂಕ್ತಿಯ ಮೇಲಿನ ಜಗಳದ ನಡುವೆಯೇ ನಮಗೆ ಸಿಕ್ಕಿದೆ. ಹೀಗಿರುವಾಗ ನಂಬಿಕೆಯ ವಿಷಯ ಬೇರೆ, ಜಾತಿಯ ವಿಷಯ ಬೇರೆ, ಮೊದಲನೆಯದು ಆತ್ಮಿಕ, ಎರಡನೆಯದು ಸಾಮಾಜಿಕ ಎಂದು ವಿಂಗಡಿಸುವವರು ಗಲಾತ್ಯದ ಪತ್ರಿಕೆಯನ್ನು ನಡುವೆ ಹರಿದು ಎರಡು ಭಾಗ ಮಾಡಬೇಕಾಗುತ್ತದೆ.

ಭಾರತದ ಸಭೆ ಏನು ಮಾಡಿತು? ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ 1872ರ ಹೊತ್ತಿಗೆ ಒಂದು ದೇವಾಲಯ ಎದ್ದಿತು. ಒಂದೇ ಬಲಿಪೀಠ, ಅದರಿಂದ ಕವಲೊಡೆದು ಎರಡು ದಿಕ್ಕಿಗೆ ಚಾಚಿದ ಎರಡು ಹಜಾರಗಳು, ನಡುವೆ ಅಡ್ಡಗೋಡೆ. ಒಂದರಲ್ಲಿ ವೆಳ್ಳಾಳರ ಕಡೆಯವರು, ಇನ್ನೊಂದರಲ್ಲಿ ನಾಡಾರರ ಕಡೆಯವರು. ಎರಡೂ ಕಡೆಯವರಿಗೆ ಗುರುಗಳು ಕಾಣುತ್ತಿದ್ದರು, ಒಬ್ಬರಿಗೊಬ್ಬರು ಮಾತ್ರ ಕಾಣುತ್ತಿರಲಿಲ್ಲ. ಆ ಗೋಡೆ ಕೆಡವಲ್ಪಟ್ಟದ್ದು 1910ರಲ್ಲಿ. ಇಷ್ಟು ವರ್ಷ ಅಲ್ಲಿ ನಡೆದ ಪ್ರತಿ ಆರಾಧನೆಯಲ್ಲಿಯೂ ಪಾಪದ ಅರಿಕೆ ನಡೆದಿರಬೇಕು, ಒಬ್ಬೊಬ್ಬರೂ ತಮ್ಮ ತಮ್ಮ ಸಿಟ್ಟು ಮತ್ತು ಸುಳ್ಳುಗಳಿಗಾಗಿ ಕ್ಷಮೆ ಬೇಡಿರಬೇಕು. ಗೋಡೆ ಮಾತ್ರ ಯಾರ ಅರಿಕೆಯಲ್ಲಿಯೂ ಸೇರಿರಲಿಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನ ಸಮಾಧಿ ಭೂಮಿಯಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಬೇರ್ಪಡಿಸಿದ ಗೋಡೆಯ ಸುದ್ದಿಯನ್ನು ನಮ್ಮ ಕಾಲದಲ್ಲಿಯೇ ಪತ್ರಿಕೆಗಳಲ್ಲಿ ಓದಿದ್ದೇವೆ.

ಅವು ತಮಿಳುನಾಡಿನ ಕಥೋಲಿಕರ ಸಂಗತಿಗಳು ಎಂದು ನಾವು ಸಮಾಧಾನ ಪಟ್ಟುಕೊಳ್ಳಬಾರದು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ಬಾಮಣ್, ಚಾರಡಿ ಎಂಬ ಹಳೆಯ ಜಾತಿ ಹೆಸರುಗಳು ಮದುವೆಯ ಹೊತ್ತಿಗೆ ಇನ್ನೂ ಕೇಳಿಬರುತ್ತವೆ. ಪ್ರೊಟೆಸ್ಟಂಟರಾದ ನಮ್ಮಲ್ಲಿ ಹೆಸರು ಹೇಳುವುದಿಲ್ಲ, ‘ಅವರು ಯಾವ ಕಡೆಯವರು’ ಎಂದು ಕೇಳುತ್ತೇವೆ, ಕೇಳಿದವರಿಗೂ ಹೇಳಿದವರಿಗೂ ಅರ್ಥವಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ನಡೆದ ಮದುವೆಗಾಗಿ ಆ ಇಬ್ಬರು ತಂದೆಯರು ಪ್ರಾಣವನ್ನೇ ತೆತ್ತರೆಂದು ಶರಣ ಪರಂಪರೆ ನೆನೆಯುತ್ತದೆ. ಕ್ರಿಸ್ತನಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಭೇದವಿಲ್ಲ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿದ ನಾವು, ಅಂಥ ಮದುವೆಗೆ ಪ್ರಾಣವೇನೂ ತೆರಬೇಕಾಗಿಲ್ಲದ ಈ ಕಾಲದಲ್ಲಿ, ಅದನ್ನು ತಪ್ಪಿಸಿಕೊಳ್ಳುತ್ತಿದ್ದೇವೆ. ಇದನ್ನು ಹೇಳುವಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ವರದಕ್ಷಿಣೆಯ ಬಗ್ಗೆಯೂ ಇದೇ ಮಾತು ಸಲ್ಲುತ್ತದೆ. ಅದರ ಕುರಿತು ಹಿಂದಿನ ಕೂಟಗಳಲ್ಲಿ ಚರ್ಚೆಯಾಗಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಇಲ್ಲಿ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಒಂದು ಆಕ್ಷೇಪಣೆ ಏಳುತ್ತಿರಬಹುದು: ಇದನ್ನೆಲ್ಲ ನಾನು ಮಾಡಲಿಲ್ಲ, ನನ್ನ ಹಿಂದಿನವರು ಮಾಡಿದರು, ನಾನು ಮಾಡದ ಪಾಪವನ್ನು ನಾನು ಏಕೆ ಅರಿಕೆ ಮಾಡಬೇಕು? ಇದು ಹಗುರವಾದ ಆಕ್ಷೇಪಣೆಯಲ್ಲ, ಇದಕ್ಕೆ ಸತ್ಯವೇದದ ಆಧಾರವೇ ಇದೆ. ಮಗನು ತಂದೆಯ ದೋಷವನ್ನು ಹೊರುವುದಿಲ್ಲ, ಪಾಪ ಮಾಡಿದವನೇ ಅದರ ಫಲವನ್ನು ಅನುಭವಿಸುವನು ಎಂದು ಯೆಹೆಜ್ಕೇಲನು ಹದಿನೆಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಇನ್ನೊಂದು ಕಡೆ ನೆಹೆಮೀಯನು ಪಾರಸಿಯ ಅರಸನ ಶೂಷನ್ ಅರಮನೆಯಲ್ಲಿದ್ದುಕೊಂಡು, ತಾನು ಕಣ್ಣಾರೆ ಕಾಣದ ಕಾಲದ ಅಪರಾಧಗಳನ್ನೂ ಸೇರಿಸಿ, ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಎಂದು ಅರಿಕೆ ಮಾಡುತ್ತಾನೆ. ಎರಡೂ ಸತ್ಯ. ತಂದೆಯ ಅಪರಾಧಕ್ಕಾಗಿ ದೇವರು ಮಗನನ್ನು ದಂಡಿಸುವುದಿಲ್ಲ. ಆದರೆ ತಂದೆ ಅನ್ಯಾಯದಿಂದ ಸಂಪಾದಿಸಿದ ಹೊಲವನ್ನು ಮಗನು ಉಳುತ್ತಲೇ ಇದ್ದರೆ ಅಪರಾಧ ತಂದೆಯದಾಗಿ ಉಳಿಯುವುದಿಲ್ಲ. ಯೆಹೆಜ್ಕೇಲನು ಬಿಡುಗಡೆಯಾದವನೆಂದು ವರ್ಣಿಸುವ ಮಗನು ಯಾರೆಂದು ಅದೇ ಅಧ್ಯಾಯವನ್ನು ಮತ್ತೆ ಓದಿ ನೋಡಿ. ತಂದೆ ಮಾಡಿದ್ದನ್ನೆಲ್ಲ ಕಂಡು, ಅದರಂತೆ ನಡೆಯದೆ, ಯಾರ ಮೇಲೂ ದಬ್ಬಾಳಿಕೆ ನಡೆಸದೆ, ಅಡವನ್ನು ಇಟ್ಟುಕೊಳ್ಳದೆ, ಹಸಿದವನಿಗೆ ಅನ್ನ ಕೊಡುವ ಮಗನು ಅವನು.

ನೆಹೆಮೀಯನೂ ಪ್ರಾರ್ಥನೆಯಷ್ಟಕ್ಕೇ ನಿಲ್ಲಲಿಲ್ಲ. ಐದನೆಯ ಅಧ್ಯಾಯದಲ್ಲಿ ಜನರು ಹೊಲ ದ್ರಾಕ್ಷೇತೋಟಗಳನ್ನು ಅಡವಿಟ್ಟು, ಮಕ್ಕಳನ್ನು ಜೀತಕ್ಕೆ ಬಿಟ್ಟು ಗೋಳಾಡುವಾಗ ಅವನು ಶ್ರೀಮಂತರನ್ನೂ ಅಧಿಕಾರಿಗಳನ್ನೂ ಕೂಡಿಸಿ, ಈ ದಿನವೇ ಅವರ ಹೊಲಗಳನ್ನೂ ತೆಗೆದುಕೊಂಡ ಬಡ್ಡಿಯನ್ನೂ ಹಿಂದಿರುಗಿಸಿರಿ ಎಂದನು. ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದನು. ಅರಣ್ಯಕಾಂಡದ ಐದನೆಯ ಅಧ್ಯಾಯದ ಕಟ್ಟಳೆ ಇನ್ನೂ ನಿರ್ದಿಷ್ಟವಾಗಿದೆ: ಪಾಪವನ್ನು ಅರಿಕೆ ಮಾಡಿ, ಪೂರ್ತಿ ಮೊತ್ತವನ್ನು ಹಿಂದಿರುಗಿಸಿ, ಅದಕ್ಕೆ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಸೇರಿಸಿ ನಷ್ಟಪಟ್ಟವನಿಗೆ ಕೊಡಬೇಕು. ಅರಿಕೆಯೂ ತೀರಿಸುವಿಕೆಯೂ ಅಲ್ಲಿ ಒಂದೇ ಕಟ್ಟಳೆಯಲ್ಲಿವೆ.

ನಮ್ಮ ರಾಜ್ಯದಲ್ಲಿ ಈ ಮಾತು ಮೊದಲು ಮುಟ್ಟಬೇಕಾದದ್ದು ಶುಚಿ ಮಾಡುವವರ ಬದುಕನ್ನು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಮೊದಲ ಕಾನೂನು ಬಂದದ್ದು 1993ರಲ್ಲಿ. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇನ್ನೂ ಬಲವಾದ ಕಾನೂನು 2013ರಲ್ಲಿ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾದ ಸ್ಥಿತಿ ಬಂತೆಂದರೆ ಸಾವುಗಳು ನಿಂತಿಲ್ಲವೆಂದೇ ಅರ್ಥ. ಈ ಹೋರಾಟಕ್ಕೆ ದೇಶದಲ್ಲಿ ಮುಂದಾಳಾಗಿ ನಿಂತ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ, ಇದೇ ಕೆಲಸಕ್ಕೆ ದೂಡಲ್ಪಟ್ಟಿದ್ದ ಮನೆತನದಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೆಲದಾಳದಿಂದ ಚಿನ್ನ ತೆಗೆದ ಊರಿನಲ್ಲಿ ಒಣ ಪಾಯಖಾನೆಗಳನ್ನು ಕೈಯಿಂದ ಬಳಿಯುವವರಿದ್ದರು. ಆ ಊರಿನ ತುಂಬ ದೇವಾಲಯಗಳೂ ಇದ್ದವು. ಆ ಎರಡೂ ಸಂಗತಿಗಳು ಅಕ್ಕಪಕ್ಕದಲ್ಲಿ ಅಷ್ಟು ಕಾಲ ಹೇಗೆ ಉಳಿದವು ಎಂದು ಕೇಳಿಕೊಳ್ಳದೆ ನಾವು ದೇವಶಾಸ್ತ್ರ ಓದಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ದಲಿತ ಕ್ರೈಸ್ತರ ಹಕ್ಕಿನ ವಿಷಯ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ಕ್ರೈಸ್ತರನ್ನೂ ಮುಸ್ಲಿಮರನ್ನೂ ಸೇರಿಸಲಿಲ್ಲ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರಿಗೆ, ಅದೇ ಕಸುಬಿನ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಕೊಟ್ಟ ಗೂಡಂಗಡಿ ಸಿಗಲಿಲ್ಲ, ಏಕೆಂದರೆ ಅವರು ಕ್ರೈಸ್ತರಾಗಿದ್ದರು. 1985ರಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿಯನ್ನು ಒಪ್ಪಲಿಲ್ಲ. ಮತ ಬದಲಾದ ಮೇಲೂ ಹಿಂದಿನಷ್ಟೇ ತೀವ್ರವಾದ ಅಡಚಣೆಗಳು ಹೊಸ ಸಮುದಾಯದಲ್ಲಿ ಮುಂದುವರಿದಿವೆ ಎಂಬುದನ್ನು ತೋರಿಸಬೇಕು ಎಂದಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗವು ಈ ಸ್ಥಾನಕ್ಕೂ ಧರ್ಮಕ್ಕೂ ಇರುವ ನಂಟನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು, 2022ರಲ್ಲಿ ಕೆ. ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಈ ಬೇಡಿಕೆ ನ್ಯಾಯವಾದದ್ದು, ಅದನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ. ಆದರೆ ಅದರೊಂದಿಗೆ ಬರುವ ಹೊಣೆಯನ್ನು ನಾವು ಗಮನಿಸಿದ್ದೇವೆಯೇ? ನ್ಯಾಯಾಲಯದಲ್ಲಿ ಆ ಹಕ್ಕನ್ನು ಪಡೆಯಲು ಸಭೆಯು ಸಾಬೀತುಪಡಿಸಬೇಕಾದದ್ದು ತನ್ನೊಳಗೇ ಜಾತಿ ಉಳಿದಿದೆ ಎಂಬುದನ್ನು. ಸರ್ಕಾರದ ಮುಂದೆ ಸಾಕ್ಷ್ಯವಾಗಿ ಒಪ್ಪಿಸುವ ಅದೇ ಸಂಗತಿಯನ್ನು ದೇವರ ಮುಂದೆ ಪಾಪವಾಗಿ ಅರಿಕೆ ಮಾಡದಿರಲು ನಮಗೆ ಯಾವ ಕಾರಣವೂ ಇಲ್ಲ.

ನಮ್ಮ ಮೇಲೆ ಹೊರಗಿನಿಂದ ಒತ್ತಡವಿರುವಾಗ ಮನೆಯ ಮಾತನ್ನು ಹೊರಗೆ ಆಡಬಾರದು ಎಂದು ಹಿರಿಯರು ಹೇಳುವುದುಂಟು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ಸುತ್ತಮುತ್ತಲೂ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಯ ಭಯವನ್ನು ಕಂಡವರು ಹಾಗೆ ಹೇಳುವಾಗ ಆ ಮಾತಿಗೆ ತೂಕವಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೂ ಒಪ್ಪಲಾರೆ. ಉಪವಾಸದ ಸೋಗನ್ನು ಬಿಟ್ಟು ನೊಗದ ಕಣ್ಣಿಗಳನ್ನು ಬಿಚ್ಚಿರಿ ಎಂದು ಸಾರುವ ಯೆಶಾಯನ ಗ್ರಂಥವೂ, ನಿಮ್ಮ ಗೀತೆಗಳ ಗದ್ದಲ ಬೇಡ, ನ್ಯಾಯವು ಹೊಳೆಯಂತೆ ಹರಿಯಲಿ ಎಂದ ಆಮೋಸನ ಗ್ರಂಥವೂ ನೆಮ್ಮದಿಯಿಂದ ಕೂತ ದೊಡ್ಡ ಸಾಮ್ರಾಜ್ಯವೊಂದರಲ್ಲಿ ಹುಟ್ಟಿದವುಗಳಲ್ಲ. ಬಲಿಷ್ಠ ಅರಸರ ನಡುವೆ ಇದ್ದ ಸಣ್ಣ ಜನಾಂಗದಲ್ಲಿ ಹುಟ್ಟಿದವು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ, ಪೇತ್ರ ಯೋಹಾನರು ಸೆರೆಮನೆಗೆ ಹೋಗಿ ಬರುತ್ತಿದ್ದ ದಿನಗಳಲ್ಲಿಯೇ, ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಎದ್ದಿತು. ಇದು ದೂರಿನ ಕಾಲವಲ್ಲ ಎಂದು ಯಾರೂ ಹೇಳಲಿಲ್ಲ. ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೆ ನೇಮಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ ಆಗಿರುವುದನ್ನು ನೋಡಿದರೆ, ಅನ್ಯಾಯಕ್ಕೊಳಗಾದವರ ಕಡೆಯವರಿಗೇ ಹಂಚಿಕೆಯ ಅಧಿಕಾರವನ್ನು ಒಪ್ಪಿಸಿದಂತೆ ಕಾಣುತ್ತದೆ.

ಹಾಗಾದರೆ ನಂಬಿಕೆಗೆ ಇಲ್ಲಿ ಏನು ಕೆಲಸ, ಇದೆಲ್ಲವನ್ನೂ ನಂಬಿಕೆಯಿಲ್ಲದೆಯೂ ಮಾಡಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ಮಾಡಬಹುದು, ಮಾಡುತ್ತಿರುವವರಿದ್ದಾರೆ, ಅವರಲ್ಲಿ ಹಲವರು ನಮಗಿಂತ ಮುಂದೆ ಇದ್ದಾರೆ. ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಬದುಕನ್ನೇ ಮುಡಿಪಿಟ್ಟ ಕುದ್ಮುಲ್ ರಂಗರಾಯರು ಕ್ರೈಸ್ತರಾಗಿರಲಿಲ್ಲ. ನನ್ನ ಮಟ್ಟಿಗೆ ನಂಬಿಕೆಯ ಕೆಲಸ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯಲ್ಲಿದೆ. ಯೇಸು ಅವನಿಗೆ ಹಣ ಹಿಂದಿರುಗಿಸು ಎಂದು ಆಜ್ಞಾಪಿಸಲಿಲ್ಲ. ಈ ಹೊತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದನು. ಊರೆಲ್ಲ ಗೊಣಗುಟ್ಟುವಾಗ ಜಕ್ಕಾಯನು ತಾನಾಗಿಯೇ ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ತನ್ನನ್ನು ಸ್ವೀಕರಿಸಿದ ಒಬ್ಬನಿದ್ದಾನೆ ಎಂಬ ಧೈರ್ಯವಿಲ್ಲದೆ ಯಾವ ಮನುಷ್ಯನೂ ತನ್ನ ಲೆಕ್ಕದ ಪುಸ್ತಕವನ್ನು ಊರಿನ ಮುಂದೆ ತೆರೆಯಲಾರನು. ಕ್ಷಮೆಯ ಭರವಸೆ ಇರುವವರೇ ತಮ್ಮ ಪಾಪದ ಪೂರ್ಣ ಅಳತೆಯನ್ನು ನೋಡಲು ಧೈರ್ಯ ಮಾಡಬೇಕಾದವರು. ಪಾಪವನ್ನು ನೋಡದೆ ಇರುವುದಕ್ಕೆ ನಾವು ಆ ಕ್ಷಮೆಯನ್ನೇ ನೆಪವಾಗಿ ಬಳಸಿಕೊಂಡೆವು ಎಂಬುದೇ ಅಂಬೇಡ್ಕರರ ಆಪಾದನೆಯಲ್ಲಿರುವ ಸತ್ಯ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಇಲ್ಲಿನ ದಲಿತ ದೇವಶಾಸ್ತ್ರಕ್ಕೆ ಚಾಲನೆ ದೊರೆಯಿತು. ಅಲೆದಾಡುವ ಅರಾಮ್ಯನು ನನ್ನ ತಂದೆ ಎಂದು ಇಸ್ರಾಯೇಲ್ಯನು ಪ್ರಥಮ ಫಲದ ಬುಟ್ಟಿಯನ್ನಿಟ್ಟು ಹೇಳಬೇಕಾದ ಧರ್ಮೋಪದೇಶಕಾಂಡದ ಮಾತುಗಳನ್ನು ಅವರು ದಲಿತ ಕ್ರೈಸ್ತರ ವಿಶ್ವಾಸ ಪ್ರಮಾಣವಾಗಿ ಓದಿದರು. ಅಂದಿನಿಂದ ಎಷ್ಟೋ ಪುಸ್ತಕಗಳು ಬಂದಿವೆ, ನಾವು ತರಗತಿಗಳಲ್ಲಿ ಓದುತ್ತೇವೆ, ಪರೀಕ್ಷೆ ಬರೆಯುತ್ತೇವೆ. ಆ ಓದು ಊರಿನ ಸಭೆಯ ಭಾನುವಾರದ ಆರಾಧನೆಗೆ ಬಂದು ಮುಟ್ಟಿಲ್ಲ.

ಆದ್ದರಿಂದ ಒಂದು ಮನವಿಯನ್ನು ಮುಂದಿಡುತ್ತೇನೆ. ನಮ್ಮ ಸಭೆಯ ಮುಂದಿನ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಲೆಕ್ಕಪತ್ರ ಮಂಡಿಸುವಾಗ, ದೇವಾಲಯ, ಶಾಲೆ ಮತ್ತು ಹಾಸ್ಟೆಲಿನ ಶುಚಿತ್ವದ ಕೆಲಸದಲ್ಲಿರುವ ಪ್ರತಿಯೊಬ್ಬರಿಗೂ, ಗುತ್ತಿಗೆದಾರನ ಮೂಲಕ ಬರುವವರನ್ನೂ ಸೇರಿಸಿ, ಏನು ಕೂಲಿ ಸಿಗುತ್ತಿದೆ, ಭವಿಷ್ಯ ನಿಧಿ ಕಟ್ಟಲಾಗುತ್ತಿದೆಯೇ, ಗುಂಡಿಗೆ ಇಳಿಯುವ ಕೆಲಸವನ್ನು ಯಾರಿಂದಾದರೂ ಮಾಡಿಸಲಾಗಿದೆಯೇ ಎಂಬುದನ್ನು ಓದಿ ಹೇಳಬೇಕು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟದ್ದು ಕಂಡುಬಂದರೆ, ಬಾಕಿಯನ್ನು ಅರಣ್ಯಕಾಂಡದ ಕಟ್ಟಳೆಯಂತೆ ಐದನೆಯ ಒಂದು ಪಾಲು ಸೇರಿಸಿ ತೀರಿಸಬೇಕು, ಅದರ ಮುಂದಿನ ಭಾನುವಾರದ ಪಾಪದ ಅರಿಕೆಯಲ್ಲಿ ಅದನ್ನು ಹೆಸರಿಸಬೇಕು. ಸಮಾಧಿ ಭೂಮಿಯ ನಕ್ಷೆಯನ್ನೂ ಅದೇ ಸಭೆಯಲ್ಲಿ ತೆರೆದಿಡಬೇಕು. ಈ ಮನವಿಯನ್ನು ಬರೆದು ತಂದಿದ್ದೇನೆ. ಕೂಟ ಮುಗಿದ ಮೇಲೆ ಓದಿ ನೋಡಿ, ಒಪ್ಪಿಗೆಯಾದವರು ಸಹಿ ಹಾಕಬೇಕೆಂದೂ, ಒಪ್ಪಿಗೆಯಿಲ್ಲದವರು ತಮ್ಮ ಕಾರಣವನ್ನು ನನಗೆ ತಿಳಿಸಬೇಕೆಂದೂ ಕೇಳಿಕೊಳ್ಳುತ್ತೇನೆ.